ಶಟರ್ ಎಳೆಯುವ ಹೊತ್ತು ಯಾರ ಕೈಯಲ್ಲಿ?

ಸಡಿಲಗೊಂಡ ಕಾಯಿದೆಗಳು ಮತ್ತು ಮುಂಬಯಿ ಕನ್ನಡಿಗರ ಹೊಟೇಲುಗಳು

ಮುಂಬಯಿ ಕನ್ನಡಿಗರ ಯಾವುದೇ ಸಂಘದ ವಾರ್ಷಿಕೋತ್ಸವಕ್ಕೆ ಹೋಗಿ ಸನ್ಮಾನಿತರ ಪರಿಚಯ ಭಾಷಣ ಕೇಳಿದರೆ ಹೆಸರು ಬೇರೆ, ಊರು ಬೇರೆ. ಕತೆ ಮಾತ್ರ ಹೆಚ್ಚುಕಡಿಮೆ ಒಂದೇ. ಊರಿನಲ್ಲಿ ಐದನೆಯದೋ ಏಳನೆಯದೋ ತರಗತಿಗೆ ಶಾಲೆ ಬಿಟ್ಟದ್ದು, ಸೋದರ ಮಾವನ ಜತೆಗೋ ನೆರೆಮನೆಯವರ ಜತೆಗೋ ಮುಂಬಯಿ ಸೇರಿದ್ದು, ಕೋಟೆ ಪರಿಸರದ ಯಾವುದೋ ಆಫೀಸಿನ ಕ್ಯಾಂಟೀನಿನಲ್ಲಿ ಕಪ್ಪು ಬಸಿ ತೊಳೆದದ್ದು, ಸಂಜೆಯಾದ ಮೇಲೆ ರಾತ್ರಿಶಾಲೆಗೆ ಓಡಿದ್ದು. ಅಲ್ಲಿಂದ ಎಸ್ಸೆಸ್ಸಿ. ಅನಂತರ ಒಬ್ಬರಿಗೆ ಬ್ಯಾಂಕಿನ ನೌಕರಿ, ಇನ್ನೊಬ್ಬರಿಗೆ ವಕೀಲಿ, ಮತ್ತೊಬ್ಬರಿಗೆ ಸ್ವಂತ ಹೊಟೇಲು. ಸಭಾಂಗಣದಲ್ಲಿ ಕುಳಿತ ಹಿರಿಯರಲ್ಲಿ ಅರ್ಧದಷ್ಟು ಮಂದಿ ಇದು ತಮ್ಮದೇ ಕತೆ ಎಂಬಂತೆ ತಲೆದೂಗುತ್ತಾರೆ.

ಈ ಕತೆಯಲ್ಲಿ ಹುಡುಗನ ಛಲವನ್ನು ನೆನೆಯುತ್ತೇವೆ, ಶಾಲೆಗೆ ಬಿಟ್ಟ ಮಾಲೀಕರ ಉದಾರತೆಯನ್ನು ನೆನೆಯುತ್ತೇವೆ, ಅಲ್ಪ ಸಂಬಳಕ್ಕೆ ಕಲಿಸಿದ ಮಾಸ್ತರರನ್ನು ನೆನೆಯುತ್ತೇವೆ. ನೆನೆಯಲು ಮರೆಯುವ ಸಂಗತಿ ಇನ್ನೊಂದಿದೆ. ಅದು ಸಂಜೆ ಆರು ಗಂಟೆ. ದುಡಿಮೆಗೆ ಒಂದು ಕೊನೆಯ ಹೊತ್ತು ಇತ್ತು. ಆಫೀಸು ಮುಚ್ಚಿದರೆ ಕ್ಯಾಂಟೀನೂ ಮುಚ್ಚುತ್ತಿತ್ತು. ಆ ಬಳಿಕದ ಎರಡು ಮೂರು ಗಂಟೆ ಹುಡುಗನದಾಗಿತ್ತು. ಮೊಗವೀರ ವ್ಯವಸ್ಥಾಪಕ ಮಂಡಳಿ, ಬಿಲ್ಲವರ ಅಸೋಸಿಯೇಶನ್ ಮೊದಲಾದ ನಮ್ಮ ಸಂಸ್ಥೆಗಳು ನಡೆಸಿದ ರಾತ್ರಿಶಾಲೆಗಳು ನಿಂತದ್ದು ಈ ಎರಡು ಮೂರು ಗಂಟೆಗಳ ಮೇಲೆ.

ಮಹಾರಾಷ್ಟ್ರದಲ್ಲಿ 2017ರಿಂದ 2025ರವರೆಗೆ ಅಂಗಡಿ ಹೊಟೇಲುಗಳ ಕಾಯಿದೆ ಎರಡು ಸಲ ಸಡಿಲಗೊಂಡಿದೆ. 2025ರ ನವೆಂಬರ್ 21ರಂದು ಕೇಂದ್ರ ಸರಕಾರದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಇದರಿಂದ ಹೊಟೇಲು ಮಾಲೀಕರಿಗೆ ಸಿಕ್ಕಿದ್ದೇನು, ಹುಡುಗರಿಗೆ ಉಳಿದದ್ದೇನು ಎಂಬುದನ್ನು ಲೆಕ್ಕ ಹಾಕಿ ನೋಡುವುದು ಇಂದಿನ ಅಗತ್ಯ. ಏಕೆಂದರೆ ನಮ್ಮ ಸಂಘಗಳಲ್ಲಿ ಮಾಲೀಕರೂ ಇದ್ದಾರೆ, ಹಿಂದೆ ಹುಡುಗರಾಗಿದ್ದವರೂ ಇದ್ದಾರೆ. ಎಷ್ಟೋ ವೇಳೆ ಇಬ್ಬರೂ ಒಬ್ಬರೇ.

ಹೊತ್ತು ಗೊತ್ತು ಮಾಡಿದ ಕಾಯಿದೆ

ಅಂಗಡಿ ಹೊಟೇಲುಗಳ ದುಡಿಮೆಗೆ ಕಾಯಿದೆಯೊಂದು ಬೇಕೆಂದು ಇಡೀ ದೇಶದಲ್ಲಿ ಮೊದಲು ಮನಗಂಡದ್ದು ಅಂದಿನ ಮುಂಬಯಿ ಪ್ರಾಂತ. 1939ರಲ್ಲಿ ಅದು ಅಂಗಡಿ ಮತ್ತು ಸಂಸ್ಥೆಗಳ ಕಾಯಿದೆಯನ್ನು ತಂದಿತು. ಕಾರ್ಖಾನೆಯ ಕೂಲಿಗೆ ಆಗಲೇ ಫ್ಯಾಕ್ಟರಿ ಕಾಯಿದೆ ಇತ್ತು. ಅಂಗಡಿಯ ಗುಮಾಸ್ತನಿಗೆ, ಹೊಟೇಲಿನ ಮಾಣಿಗೆ ಏನೂ ಇರಲಿಲ್ಲ. ಸ್ವಾತಂತ್ರ್ಯಾನಂತರ 1948ರಲ್ಲಿ ಈ ಕಾಯಿದೆಯನ್ನು ಹೊಸದಾಗಿ ರೂಪಿಸಲಾಯಿತು. ಅದೇ ಮುಂದೆ ಸುಮಾರು ಏಳು ದಶಕ ಮುಂಬಯಿಯ ಅಂಗಡಿ ಹೊಟೇಲುಗಳನ್ನು ಆಳಿತು. ಈ ಕಾಯಿದೆಯಡಿ ಸಿಗುವ ನೋಂದಣಿ ಪತ್ರಕ್ಕೆ ಮುಂಬಯಿಯಲ್ಲಿ ಇಂದಿಗೂ 'ಗುಮಾಸ್ತಾ ಲೈಸನ್ಸ್' ಎನ್ನುತ್ತಾರೆ. ಮಾಲೀಕನ ಪರವಾನಿಗೆಗೆ ನೌಕರನ ಹೆಸರು!

1948ರ ಕಾಯಿದೆಯ ಪ್ರಕಾರ ಹೊಟೇಲು ಬೆಳಗ್ಗೆ 5 ಗಂಟೆಗೆ ಮೊದಲು ತೆರೆಯುವಂತಿರಲಿಲ್ಲ, ರಾತ್ರಿ 12ರ ಬಳಿಕ ಗಿರಾಕಿಗಳಿಗೆ ಬಡಿಸುವಂತಿರಲಿಲ್ಲ. (ಬಳಿಕ ಕಾಲಕಾಲಕ್ಕೆ ವಿನಾಯಿತಿಗಳು ಬಂದವು.) ನೌಕರನಿಗೆ ದಿನಕ್ಕೆ 9 ಗಂಟೆಯ ದುಡಿಮೆ, ನಡುವೆ ವಿಶ್ರಾಂತಿ, ವಾರಕ್ಕೊಂದು ರಜೆ. ಎಲ್ಲಕ್ಕಿಂತ ಮುಖ್ಯವಾಗಿ, ಈ ನಗರದಲ್ಲಿ ಒಬ್ಬನೇ ನೌಕರನಿದ್ದ ಸಣ್ಣ ಚಹಾದಂಗಡಿಗೂ ಕಾಯಿದೆ ಅನ್ವಯಿಸುತ್ತಿತ್ತು.

ಕಾಯಿದೆ ಇದ್ದ ಮಾತ್ರಕ್ಕೆ ಅದು ಎಲ್ಲೆಡೆ ಪಾಲನೆಯಾಗಿತ್ತೆಂದು ಹೇಳಿದರೆ ಹಳೆಯ ಹೊಟೇಲು ಹುಡುಗರು ನಕ್ಕಾರು. ಬೆಳಗ್ಗೆ ನಾಲ್ಕೂವರೆಗೆ ಎದ್ದು ರಾತ್ರಿ ಹನ್ನೆರಡಕ್ಕೆ ಮೇಜುಗಳನ್ನೇ ಜೋಡಿಸಿ ಅದರ ಮೇಲೆ ಮಲಗಿದವರು ಅವರು. ಆದರೂ ಗೋಡೆಗೆ ತೂಗುಹಾಕಿದ ಸಮಯದ ಹಲಗೆಗೆ ಒಂದು ಬೆಲೆಯಿತ್ತು. ಶಾಲೆಗೆ ಬಿಡಿ ಎಂದು ಕೇಳುವ ಹುಡುಗನಿಗೆ, ಅವನ ಪರವಾಗಿ ಮಾತಾಡಲು ಬಂದ ಮಾಸ್ತರರಿಗೆ, ಇದು ಬರಿಯ ಬೇಡಿಕೆಯಲ್ಲ, ಸರಕಾರವೇ ಒಪ್ಪಿದ ಮಾತು ಎಂಬ ಧೈರ್ಯವಿತ್ತು.

ಇಲ್ಲಿ ಒಂದು ಸಂಗತಿ ಸ್ಮರಣೀಯ. ಡಾ. ಬಾಬಾಸಾಹೇಬ ಅಂಬೇಡ್ಕರ್ 1942ರಿಂದ 1946ರವರೆಗೆ ವೈಸರಾಯರ ಕಾರ್ಯಕಾರಿ ಮಂಡಳಿಯಲ್ಲಿ ಕಾರ್ಮಿಕ ಸದಸ್ಯರಾಗಿದ್ದರು. ಕಾರ್ಖಾನೆಯ ವಾರದ ದುಡಿಮೆಯನ್ನು 54 ಗಂಟೆಯಿಂದ 48ಕ್ಕೆ ಇಳಿಸಿದ ತಿದ್ದುಪಡಿ 1946ರದು. ಅದೇ 1946ರಲ್ಲಿ ಅವರ ಪೀಪಲ್ಸ್ ಎಜುಕೇಶನ್ ಸೊಸೈಟಿ ಮುಂಬಯಿಯಲ್ಲಿ ಸಿದ್ಧಾರ್ಥ ಕಾಲೇಜನ್ನು ತೆರೆಯಿತು. ದುಡಿಯುವವರಿಗೆ ಅನುಕೂಲವಾಗಲೆಂದು ಅಲ್ಲಿ ಬೆಳಗಿನ ತರಗತಿಗಳು ನಡೆದವು. ದುಡಿಮೆಯ ಹೊತ್ತನ್ನು ಕಡಿಮೆ ಮಾಡಿದ ವರ್ಷವೇ ಉಳಿದ ಹೊತ್ತಿಗೆ ಕಾಲೇಜನ್ನೂ ಕೊಟ್ಟ ಈ ದೂರದೃಷ್ಟಿಯ ಫಲವನ್ನು ಮುಂಬಯಿಯ ಕನ್ನಡಿಗರೂ ಉಂಡಿದ್ದಾರೆ.

ಮಾಲೀಕರ ಕಷ್ಟ ಸುಳ್ಳಲ್ಲ

ಇಷ್ಟು ಹೇಳಿದ ಮೇಲೆ ಗಲ್ಲಾದ ಹಿಂದೆ ಕುಳಿತವರ ಮಾತನ್ನೂ ಕೇಳಬೇಕು. ಒಂದು ಸಾಧಾರಣ ಹೊಟೇಲು ನಡೆಸಲು ಪಾಲಿಕೆಯ ಆರೋಗ್ಯ ಪರವಾನಿಗೆ, ಅಗ್ನಿಶಾಮಕ ದಳದ ಒಪ್ಪಿಗೆ, ಆಹಾರ ಸುರಕ್ಷತೆಯ ಲೈಸನ್ಸು, ಗುಮಾಸ್ತಾ, ತೂಕ ಮಾಪನದ ಮುದ್ರೆ, ಭವಿಷ್ಯನಿಧಿ, ಇಎಸ್‌ಐ, ತೆರಿಗೆ ಎಂದು ಕಾಗದಗಳ ದೊಡ್ಡ ಕಟ್ಟೇ ಬೇಕು. ಪ್ರತಿಯೊಂದಕ್ಕೂ ಒಬ್ಬೊಬ್ಬ ಇನ್ಸ್‌ಪೆಕ್ಟರ್. ಹಾಜರಿ ಪುಸ್ತಕದಲ್ಲಿ ಒಂದು ಸಹಿ ತಪ್ಪಿದರೂ ನೋಟೀಸು. ನೋಟೀಸು ಕೋರ್ಟಿನವರೆಗೆ ಹೋಗುವ ಬದಲು ಬಾಗಿಲಲ್ಲೇ 'ಮುಗಿಯುವ' ಪರಿಪಾಠವನ್ನು ಹೊಟೇಲು ಉದ್ಯಮದಲ್ಲಿದ್ದವರಿಗೆ ವಿವರಿಸಿ ಹೇಳಬೇಕಾಗಿಲ್ಲ. ಊರಿನ ಗದ್ದೆ ಅಡವಿಟ್ಟು ಹೊಟೇಲು ಹಾಕಿದವನಿಗೆ 'ಇನ್ಸ್‌ಪೆಕ್ಟರ್ ರಾಜ್' ಎಂಬುದು ಪತ್ರಿಕೆಯಲ್ಲಿ ಓದಿದ ಶಬ್ದವಲ್ಲ, ತಿಂಗಳ ಖರ್ಚಿನ ಒಂದು ಬಾಬತ್ತು.

ದೊಡ್ಡ ಉದ್ಯಮಕ್ಕೆ ಬಿಡುಗಡೆ ಸಿಕ್ಕಿದ್ದು 1991ರ ಜುಲೈಯಲ್ಲಿ. ಹೊಸ ಕೈಗಾರಿಕಾ ನೀತಿಯಿಂದ ಕೆಲವೇ ಉದ್ದಿಮೆಗಳ ಹೊರತು ಉಳಿದವುಗಳಿಗೆ ಲೈಸನ್ಸಿನ ಅಗತ್ಯ ಹೋಯಿತು. ಸಣ್ಣ ಹೊಟೇಲಿನವನು ಮಾತ್ರ ಮತ್ತೆ ಇಪ್ಪತ್ತೈದು ವರ್ಷ ಅದೇ ಕಾಗದಗಳ ಕಟ್ಟನ್ನು ಹೊತ್ತು ಓಡಾಡಿದ. ಆದ್ದರಿಂದ 2017ರಲ್ಲಿ ಕಾಯಿದೆ ಸಡಿಲವಾದಾಗ ಹೊಟೇಲು ಉದ್ಯಮ ನಿಟ್ಟುಸಿರು ಬಿಟ್ಟದ್ದು ಸಹಜವೇ ಆಗಿತ್ತು.

ಅರ್ಥಶಾಸ್ತ್ರಜ್ಞರದ್ದೂ ಒಂದು ವಾದವಿದೆ. ಇಷ್ಟು ನೌಕರರಿದ್ದರೆ ಈ ಕಾಯಿದೆ ಎಂದು ಗೆರೆ ಎಳೆದಾಗ ಮಾಲೀಕ ಆ ಗೆರೆಯ ಈಚೆಗೇ ನಿಲ್ಲುತ್ತಾನೆ. ಹೊಸಬನನ್ನು ಸೇರಿಸುವ ಬದಲು ಇದ್ದವರಿಂದಲೇ ಕೆಲಸ ತೆಗೆಸುತ್ತಾನೆ, ಇಲ್ಲವೇ ಪುಸ್ತಕದಲ್ಲಿ ಹೆಸರು ಬರೆಯುವುದೇ ಇಲ್ಲ. ಗೆರೆಯನ್ನು ಮೇಲಕ್ಕೆ ಸರಿಸಿದರೆ ಹೆದರಿಕೆಯಿಲ್ಲದೆ ಜನರನ್ನು ಸೇರಿಸಿಕೊಂಡಾನು ಎಂಬುದು ವಾದದ ಸಾರ. ಇದರಲ್ಲಿ ಹುರುಳಿಲ್ಲ ಎನ್ನಲಾಗದು.

ಒಂದರಿಂದ ಹತ್ತಕ್ಕೆ, ಹತ್ತರಿಂದ ಇಪ್ಪತ್ತಕ್ಕೆ

ಕೇಂದ್ರ ಮಂತ್ರಿಮಂಡಲ 2016ರ ಜೂನ್‌ನಲ್ಲಿ ರಾಜ್ಯಗಳಿಗೆ ಮಾದರಿಯಾಗಲೆಂದು ಅಂಗಡಿ ಕಾಯಿದೆಯ ಕರಡೊಂದನ್ನು ಒಪ್ಪಿತು. ಅದನ್ನು ಅನುಸರಿಸಿ ಮಹಾರಾಷ್ಟ್ರ 2017ರಲ್ಲಿ ತಂದ ಹೊಸ ಕಾಯಿದೆ ಆ ವರ್ಷದ ಡಿಸೆಂಬರಿನಲ್ಲಿ ಜಾರಿಗೆ ಬಂತು. ವರ್ಷದ 365 ದಿನವೂ ಅಂಗಡಿ ತೆರೆದಿಡಬಹುದು. ಇಡೀ ದಿನ ತೆರೆದಿಡಲೂ ದಾರಿಯಾಯಿತು. ನೋಂದಣಿ ಆನ್‌ಲೈನ್. ಇನ್ಸ್‌ಪೆಕ್ಟರನ ಹೆಸರೇ ಬದಲಾಗಿ 'ಸುವಿಧಾಕಾರ' ಎಂದಾಯಿತು. ಮಹಿಳೆಯರು ಒಪ್ಪಿದರೆ, ರಕ್ಷಣೆಯ ಏರ್ಪಾಡು ಇದ್ದರೆ, ರಾತ್ರಿ ಪಾಳಿಯಲ್ಲೂ ದುಡಿಯಬಹುದೆಂದಾಯಿತು.

ಹೊಸ ಕಾಯಿದೆಯಲ್ಲಿ ನೌಕರರಿಗೆ ಒಳ್ಳೆಯದೂ ಇತ್ತು. ದಿನಕ್ಕೆ 9, ವಾರಕ್ಕೆ 48 ಗಂಟೆಯ ಮಿತಿ, ಐದು ಗಂಟೆಗೊಮ್ಮೆ ಅರ್ಧ ಗಂಟೆ ವಿಶ್ರಾಂತಿ, ಹೆಚ್ಚಿನ ದುಡಿಮೆಗೆ ಇಮ್ಮಡಿ ಸಂಬಳ, ವಾರಕ್ಕೊಂದು ಪೂರ್ಣ ರಜೆ, ವರ್ಷಕ್ಕೆ 8 ಸಾಂದರ್ಭಿಕ ರಜೆ. ಆದರೆ ಇವೆಲ್ಲ 10 ಅಥವಾ ಹೆಚ್ಚು ಮಂದಿ ದುಡಿಯುವಲ್ಲಿಗೆ ಮಾತ್ರ. ಅದಕ್ಕಿಂತ ಕಡಿಮೆ ಇದ್ದರೆ ಮಾಲೀಕ ಒಂದು ಮಾಹಿತಿ ಅರ್ಜಿ ಕಳುಹಿಸಿದರೆ ಸಾಕು. ಗಂಟೆಯ ಮಿತಿ, ರಜೆಯ ನಿಯಮ ಯಾವುದೂ ಅಲ್ಲಿ ಅನ್ವಯಿಸುವುದಿಲ್ಲ.

2025ರ ಸೆಪ್ಟೆಂಬರಿನಲ್ಲಿ ರಾಜ್ಯ ಮಂತ್ರಿಮಂಡಲ ಮತ್ತೊಂದು ತಿದ್ದುಪಡಿಗೆ ಒಪ್ಪಿಗೆಯಿತ್ತಿತು. ಬಳಿಕ ಸುಗ್ರೀವಾಜ್ಞೆಯೂ ಹೊರಬಿತ್ತು. ಅದರಂತೆ 10ರ ಗೆರೆ 20ಕ್ಕೆ ಏರಿತು. ದಿನದ ದುಡಿಮೆ 9ರಿಂದ 10 ಗಂಟೆಯಾಯಿತು. ಮೂರು ತಿಂಗಳಿನಲ್ಲಿ ಮಾಡಿಸಬಹುದಾದ ಓವರ್‌ಟೈಮ್ 125 ಗಂಟೆಯಿಂದ 144ಕ್ಕೆ ಏರಿತು.

ಮಾಟುಂಗಾದಿಂದ ಮೀರಾರೋಡಿನವರೆಗೆ ನಮ್ಮವರ ಹೊಟೇಲುಗಳನ್ನು ಕಣ್ಣೆದುರು ತಂದುಕೊಳ್ಳಿ. ಅಡುಗೆಯವರು, ದೋಸೆ ಹೊಯ್ಯುವವರು, ಚಹಾ ಮಾಡುವವನು, ನಾಲ್ಕಾರು ವೇಟರುಗಳು, ಮೇಜು ಒರೆಸುವವನು, ಪಾತ್ರೆ ತೊಳೆಯುವವನು, ಮನೆಮನೆಗೆ ಪಾರ್ಸೆಲ್ ಒಯ್ಯುವವನು. ಎಣಿಸಿದರೆ ಹನ್ನೆರಡು, ಹದಿನೈದು. 2017ರ ಗೆರೆಯ ಒಳಗಿದ್ದ ಇಂತಹ ಮಧ್ಯಮ ಹೊಟೇಲು 2025ರ ಗೆರೆಯಿಂದ ಹೊರಗೆ ಬೀಳುತ್ತದೆ. ಇಡೀ ದೇಶದ ಮಾತು ತೆಗೆದುಕೊಂಡರೆ, 2013-14ರ ಆರನೇ ಆರ್ಥಿಕ ಗಣತಿಯ ಪ್ರಕಾರ ನೂರು ಸಂಸ್ಥೆಗಳಲ್ಲಿ 95ಕ್ಕೂ ಹೆಚ್ಚಿನವುಗಳಲ್ಲಿ ದುಡಿಯುವವರು ಐದು ಮಂದಿ ಅಥವಾ ಅದಕ್ಕಿಂತ ಕಡಿಮೆ. ಹತ್ತು ಮತ್ತು ಹೆಚ್ಚು ಮಂದಿ ಇದ್ದ ಸಂಸ್ಥೆಗಳು ಶೇ. 1.4ರಷ್ಟು ಮಾತ್ರ. ಗೆರೆಯನ್ನು 10ಕ್ಕೆ ಎಳೆದಾಗಲೇ ಬಹುಪಾಲು ಅಂಗಡಿಗಳು ಹೊರಗಿದ್ದವು.

ಇದರ ನಡುವೆ ಒಂದು ವಿಚಿತ್ರವನ್ನೂ ಗಮನಿಸಬೇಕು. 2022ರಲ್ಲಿ ಇದೇ ಕಾಯಿದೆಗೆ ತಿದ್ದುಪಡಿ ತಂದು ಅಂಗಡಿಯ ಹೆಸರಿನ ಹಲಗೆ ಮರಾಠಿಯಲ್ಲಿ, ದೇವನಾಗರಿ ಲಿಪಿಯಲ್ಲಿ ಇರಬೇಕೆಂದು ವಿಧಿಸಲಾಯಿತು. ಹತ್ತಕ್ಕಿಂತ ಕಡಿಮೆ ನೌಕರರಿರುವ ಅಂಗಡಿಗಳಿಗೂ ಅದು ಕಡ್ಡಾಯ. ನಾವು ಬಾಳುವ ನಾಡಿನ ಭಾಷೆಗೆ ಹಲಗೆಯಲ್ಲಿ ಸ್ಥಾನ ಕೊಡುವುದು ನ್ಯಾಯವೇ. ನಮ್ಮವರು ಅದನ್ನು ಪಾಲಿಸಿದ್ದಾರೆ. ಆದರೆ ಸಣ್ಣ ಅಂಗಡಿಯ ಮೇಲೆ ಕಾಯಿದೆಯ ಹೊರೆ ಬೇಡ ಎಂಬ ಮಾತು ಬಾಗಿಲ ಮೇಲಿನ ಹಲಗೆಗೆ ಅನ್ವಯಿಸದೆ, ಬಾಗಿಲ ಒಳಗೆ ದುಡಿಯುವವನ ವಾರದ ರಜೆಗೆ ಮಾತ್ರ ಅನ್ವಯಿಸಿತು.

ಗಂಟೆಗಳ ಲೆಕ್ಕ

ಹತ್ತು ಗಂಟೆ ಎಂದಾಗ ಹಲವರು ಗಾಬರಿಯಾದರು. ಲೆಕ್ಕ ಮಾಡಿ ನೋಡಿದರೆ ಕಾಗದದ ಮೇಲಿನ ವ್ಯತ್ಯಾಸ ಅಷ್ಟು ದೊಡ್ಡದಲ್ಲ. ಮೂರು ತಿಂಗಳೆಂದರೆ 13 ವಾರ. 125 ಗಂಟೆಯ ಓವರ್‌ಟೈಮನ್ನು 13ರಿಂದ ಭಾಗಿಸಿದರೆ ವಾರಕ್ಕೆ ಒಂಬತ್ತೂವರೆ ಗಂಟೆ. 144ನ್ನು ಭಾಗಿಸಿದರೆ 11 ಗಂಟೆ. ಮಾಮೂಲಿ 48ಕ್ಕೆ ಸೇರಿಸಿದರೆ ಹಿಂದೆ ಐವತ್ತೇಳೂವರೆ ಗಂಟೆ ಇದ್ದದ್ದು ಈಗ 59 ಗಂಟೆ. ಹೆಚ್ಚಾದದ್ದು ವಾರಕ್ಕೆ ಒಂದೂವರೆ ಗಂಟೆ. ಅದಕ್ಕೂ ಇಮ್ಮಡಿ ದರದ ಸಂಬಳ ಕೊಡಬೇಕು.

ಆದ್ದರಿಂದ ನಿಜವಾದ ಬದಲಾವಣೆ ಇರುವುದು 9ರ ಜಾಗಕ್ಕೆ 10 ಗಂಟೆ ಬಂದುದರಲ್ಲಿ ಅಲ್ಲ. 10 ಜನರ ಜಾಗಕ್ಕೆ 20 ಜನ ಬಂದುದರಲ್ಲಿ. ಇಪ್ಪತ್ತು ಮಂದಿ ಇರುವಲ್ಲಿ ಮಿತಿ ಒಂದೂವರೆ ಗಂಟೆ ಸರಿದಿದೆ. ಹತ್ತೊಂಬತ್ತು ಮಂದಿ ಇರುವಲ್ಲಿ ಈ ಕಾಯಿದೆಯ ಮಿತಿಯೇ ಇಲ್ಲ. ಇಮ್ಮಡಿ ಸಂಬಳ ಯಾವಾಗ ಶುರು ಎಂದು ಹೇಳಲು ಮಾಮೂಲಿ ಹೊತ್ತು ಎಲ್ಲಿ ಮುಗಿಯುತ್ತದೆ ಎಂಬುದು ಗೊತ್ತಿರಬೇಕಲ್ಲವೇ?

ನೆರೆಹೊರೆಯ ರಾಜ್ಯಗಳಲ್ಲಿ

ಇದು ಮಹಾರಾಷ್ಟ್ರವೊಂದರ ಸಂಗತಿಯಲ್ಲ. 2020ರ ಲಾಕ್‌ಡೌನ್ ಕಾಲದಲ್ಲಿ ಹಲವು ರಾಜ್ಯಗಳು ದುಡಿಮೆಯ ಹೊತ್ತನ್ನು ಹೆಚ್ಚಿಸುವ ಆದೇಶಗಳನ್ನು ತಂದವು. ಕಾರ್ಖಾನೆಗಳ ಬಗ್ಗೆ ಗುಜರಾತ್ ಹೊರಡಿಸಿದ್ದ ಇಂತಹ ಅಧಿಸೂಚನೆಯನ್ನು ಸುಪ್ರೀಂ ಕೋರ್ಟು 2020ರ ಅಕ್ಟೋಬರ್ 1ರಂದು ರದ್ದುಪಡಿಸಿತು. ಮಹಾಮಾರಿಯನ್ನು ನೆವ ಮಾಡಿಕೊಂಡು ಓವರ್‌ಟೈಮಿನ ಇಮ್ಮಡಿ ಸಂಬಳವನ್ನು ಕಿತ್ತುಕೊಳ್ಳಲಾಗದು ಎಂಬುದು ಆ ತೀರ್ಪಿನ ತಾತ್ಪರ್ಯ.

ನಮ್ಮ ಕರ್ನಾಟಕ 2023ರ ಫೆಬ್ರವರಿಯಲ್ಲಿ ಫ್ಯಾಕ್ಟರಿ ಕಾಯಿದೆಗೆ ತಿದ್ದುಪಡಿ ತಂದು, ವಾರಕ್ಕೆ 48 ಗಂಟೆ ಮೀರದಂತೆ ದಿನಕ್ಕೆ 12 ಗಂಟೆಯವರೆಗಿನ ದುಡಿಮೆಗೆ ಅವಕಾಶ ಕೊಟ್ಟಿತು. ತಮಿಳುನಾಡು ಅದೇ ವರ್ಷದ ಏಪ್ರಿಲ್‌ನಲ್ಲಿ ಇಂತಹುದೇ ಮಸೂದೆಯನ್ನು ಅಂಗೀಕರಿಸಿತು. ಕಾರ್ಮಿಕ ಸಂಘಗಳೂ ಮಿತ್ರಪಕ್ಷಗಳೂ ವಿರೋಧಿಸಿದಾಗ ಮೇ ದಿನದಂದು ಅದನ್ನು ಹಿಂದೆಗೆಯಿತು. ಬಲವಾದ ಕಾರ್ಮಿಕ ಸಂಘಗಳಿದ್ದಲ್ಲಿ ಸರಕಾರ ಮರುಯೋಚನೆ ಮಾಡಿದ ಉದಾಹರಣೆ ಇದು. ಹತ್ತು ಹದಿನೈದು ಮಂದಿಯ ಹೊಟೇಲಿನಲ್ಲಿ ಅಂತಹ ಸಂಘ ಎಲ್ಲಿಂದ ಬರಬೇಕು?

ದೆಹಲಿಯ ನಾಲ್ಕು ಸಂಹಿತೆಗಳು

ಕೇಂದ್ರ ಸರಕಾರ 29 ಹಳೆಯ ಕಾಯಿದೆಗಳನ್ನು ಸೇರಿಸಿ ನಾಲ್ಕು ಸಂಹಿತೆಗಳನ್ನಾಗಿ ಮಾಡಿತು. ವೇತನ ಸಂಹಿತೆ 2019ರದು. ಕೈಗಾರಿಕಾ ಸಂಬಂಧ, ಸಾಮಾಜಿಕ ಭದ್ರತೆ, ಔದ್ಯೋಗಿಕ ಸುರಕ್ಷತೆಯ ಸಂಹಿತೆಗಳು 2020ರವು. ಕಾರ್ಖಾನೆಯಂತಹ ದೊಡ್ಡ ಸಂಸ್ಥೆಗಳಲ್ಲಿ ನೌಕರರನ್ನು ತೆಗೆಯಲು, ಸಂಸ್ಥೆಯನ್ನು ಮುಚ್ಚಲು ಸರಕಾರದ ಅನುಮತಿ ಬೇಕೆಂಬ ನಿಯಮ 1976ರಲ್ಲಿ ಬಂದಾಗ ಅದು 300 ನೌಕರರಿದ್ದಲ್ಲಿಗೆ ಅನ್ವಯಿಸುತ್ತಿತ್ತು. 1982ರ ತಿದ್ದುಪಡಿ ಅದನ್ನು 100ಕ್ಕೆ ಇಳಿಸಿತು. ಹೊಸ ಸಂಹಿತೆ ಮತ್ತೆ 300ಕ್ಕೆ ಏರಿಸಿದೆ. ಮುಷ್ಕರ ಹೂಡಲು ಎಲ್ಲ ಉದ್ದಿಮೆಗಳಲ್ಲೂ 14 ದಿನಗಳ ಮುನ್ಸೂಚನೆ ಅಗತ್ಯವಾಗಿದೆ.

ಹೊಟೇಲು ಹುಡುಗನ ಮಟ್ಟಿಗೆ ಮುಖ್ಯವಾದದ್ದು ವೇತನ ಸಂಹಿತೆ. ಇದು ಒಬ್ಬನೇ ನೌಕರನಿದ್ದಲ್ಲಿಗೂ ಅನ್ವಯಿಸುತ್ತದೆ. ಕನಿಷ್ಠ ವೇತನ ಇನ್ನು ಕೆಲವು ಪಟ್ಟಿ ಮಾಡಿದ ಉದ್ಯೋಗಗಳಿಗಷ್ಟೇ ಅಲ್ಲ, ಎಲ್ಲರಿಗೂ. ಕೆಲಸ ಬಿಟ್ಟವನ ಅಥವಾ ಬಿಡಿಸಲ್ಪಟ್ಟವನ ಬಾಕಿ ಸಂಬಳವನ್ನು ಎರಡು ಕೆಲಸದ ದಿನಗಳೊಳಗೆ ಚುಕ್ತಾ ಮಾಡಬೇಕು. ಇದು ಸಣ್ಣ ಲಾಭವಲ್ಲ. ಊರಿಗೆ ಹೋಗಿ ಬಾ, ಆಮೇಲೆ ನೋಡೋಣ ಎಂದು ಸಂಬಳ ಹಿಡಿದಿಟ್ಟುಕೊಳ್ಳುವ ಹಳೆಯ ಚಾಳಿಗೆ ಇಲ್ಲಿ ಅಡ್ಡಿಯುಂಟು.

ಉಳಿದ ಸವಲತ್ತುಗಳು ಮತ್ತೆ ಗೆರೆಯ ಮೇಲೆ ನಿಂತಿವೆ. ನೇಮಕಾತಿ ಪತ್ರ ಕೊಡಬೇಕೆನ್ನುವ ಔದ್ಯೋಗಿಕ ಸುರಕ್ಷತೆಯ ಸಂಹಿತೆ 10 ಮಂದಿಯಿಂದ ಶುರು. ಗ್ರಾಚ್ಯುಟಿ, ಇಎಸ್‌ಐ 10 ಮಂದಿಯಿಂದ. ಭವಿಷ್ಯನಿಧಿ 20 ಮಂದಿಯಿಂದ. ಒಂಬತ್ತನೆಯ ಹುಡುಗನೂ ಹತ್ತನೆಯ ಹುಡುಗನೂ ಹೊರುವ ಟ್ರೇ ಒಂದೇ, ಕೈ ಸುಡುವ ಎಣ್ಣೆಯೂ ಒಂದೇ. ಆಸ್ಪತ್ರೆಯ ಬಿಲ್ಲು ಕೊಡುವವರು ಮಾತ್ರ ಬೇರೆ.

ಹುಡುಗ ಬದಲಾದ

ಸಣ್ಣ ಸಂಸ್ಥೆಗಳಲ್ಲಿ ಮಾಲೀಕ ನೌಕರರು ತಮ್ಮತಮ್ಮಲ್ಲೇ ಹೊಂದಿಕೊಂಡು ಹೋಗುತ್ತಾರೆ, ಸರಕಾರ ನಡುವೆ ಬರಬೇಕಾಗಿಲ್ಲ ಎಂಬುದು ಈ ಎಲ್ಲ ಸಡಿಲಿಕೆಯ ಹಿಂದಿನ ನಂಬಿಕೆ. ನಮ್ಮ ಹೊಟೇಲುಗಳಲ್ಲಿ ಒಂದು ಕಾಲಕ್ಕೆ ಇದು ಸುಳ್ಳಾಗಿರಲಿಲ್ಲ. ಹುಡುಗ ಮಾಲೀಕರ ಊರಿನವನೋ ದೂರದ ನೆಂಟನೋ ಆಗಿರುತ್ತಿದ್ದ. ಹುಡುಗನಿಗೆ ಜ್ವರ ಬಂದರೆ ಊರಿನಿಂದ ಅವನ ಅಮ್ಮನ ಕಾಗದ ಬರುತ್ತಿತ್ತು. ಅನ್ಯಾಯ ಮಾಡಿದರೆ ಮುಂದಿನ ನೇಮಕ್ಕೋ ಮದುವೆಗೋ ಊರಿಗೆ ಹೋದಾಗ ಮುಖ ತೋರಿಸುವುದು ಕಷ್ಟವಾಗುತ್ತಿತ್ತು. ಈ ಅಂಜಿಕೆ ಇನ್ಸ್‌ಪೆಕ್ಟರನಿಗಿಂತ ಹೆಚ್ಚಿನ ಕೆಲಸ ಮಾಡಿದ್ದುಂಟು. ಅದರ ದುರುಪಯೋಗವೂ ಆಗಿತ್ತು. 'ನಮ್ಮವನೇ ಅಲ್ಲವೇ' ಎಂದು ಸಂಬಳ ಕೇಳದಂತೆ ಬಾಯಿ ಮುಚ್ಚಿಸಿದ್ದೂ ಉಂಟು. ಆದರೂ ಅದೊಂದು ಕಟ್ಟು.

ಈಗ ಆ ಹುಡುಗ ಬರುತ್ತಿಲ್ಲ. ಇದು ಸಂತೋಷದ ಸಂಗತಿಯೇ. ಕರಾವಳಿಯ ಮಕ್ಕಳು ಊರಿನಲ್ಲೇ ಓದುತ್ತಿದ್ದಾರೆ. 2006ರ ಅಕ್ಟೋಬರ್ 10ರಿಂದ ಹದಿನಾಲ್ಕು ವರ್ಷದೊಳಗಿನವರನ್ನು ಹೊಟೇಲು, ಧಾಬಾ, ಮನೆಗೆಲಸಕ್ಕೆ ಇಟ್ಟುಕೊಳ್ಳುವುದು ನಿಷಿದ್ಧವಾಯಿತು. ಕನ್ನಡ ರಾತ್ರಿಶಾಲೆಗಳ ಬೆಂಚುಗಳು ಖಾಲಿಯಾದದ್ದಕ್ಕೆ ಇವೆಲ್ಲ ಕಾರಣ. ದುಡಿಮೆಯ ಹೊತ್ತೊಂದೇ ಕಾರಣವೆಂದು ಹೇಳುವುದು ಸರಿಯಾಗದು.

ಇಂದು ನಮ್ಮವರ ಹೊಟೇಲುಗಳಲ್ಲಿ ದೋಸೆ ತರುವವನು ಉತ್ತರಪ್ರದೇಶದವನು, ಬಿಹಾರದವನು, ಒಡಿಶಾದವನು, ನೇಪಾಳದವನು. ಬೋರ್ಡಿನಲ್ಲಿ ಉಡುಪಿ ಇದೆ, ಅಡುಗೆಮನೆಯಲ್ಲಿ ಭೋಜಪುರಿ ಕೇಳುತ್ತದೆ. ಅವನ ಅಮ್ಮನ ಕಾಗದ ಮಾಲೀಕರಿಗೆ ಬರುವುದಿಲ್ಲ. ಅವನ ಊರ ಜಾತ್ರೆಗೆ ಮಾಲೀಕರು ಹೋಗುವುದಿಲ್ಲ. ಅವನಿಗೆ ಈ ನಗರದಲ್ಲಿ ಸಂಘವಿಲ್ಲ, ರಾತ್ರಿಶಾಲೆಯಿಲ್ಲ, ಸನ್ಮಾನ ಮಾಡುವ ವೇದಿಕೆಯಿಲ್ಲ. ಊರ ನಂಟು ಕಾಪಾಡುತ್ತಿದ್ದ ಕಾಲದಲ್ಲಿ ಕಾಯಿದೆಯೂ ಇತ್ತು. ನಂಟು ಕಡಿದ ಕಾಲದಲ್ಲಿ ಕಾಯಿದೆಯೂ ಹಿಂದೆ ಸರಿದಿದೆ. ಆತಂಕ ಪಡಬೇಕಾದುದು ಈ ಮಾತಿಗೆ.

ಮಾಲೀಕರ ದೃಷ್ಟಿಯಿಂದಲೂ ಇದು ಸಣ್ಣ ಸಂಗತಿಯಲ್ಲ. ಹುಡುಗರು ನಿಲ್ಲುವುದಿಲ್ಲ ಎಂಬುದು ಈಗ ಎಲ್ಲ ಹೊಟೇಲಿನವರ ದೂರು. ಹೋಳಿಗೆ ಹೋದವನು ತಿರುಗಿ ಬರುವುದಿಲ್ಲ. ಮೊಬೈಲಿನಲ್ಲಿ ಊಟ ತಲುಪಿಸುವ ಕಂಪೆನಿಗೆ ಸೇರುತ್ತಾನೆ. ಅಲ್ಲೂ ಭದ್ರತೆಯೇನಿಲ್ಲ, ಆದರೆ ಬೇಕಾದಾಗ ಫೋನ್ ಬಂದ್ ಮಾಡಬಹುದು ಎಂಬ ಒಂದು ಸಮಾಧಾನವಿದೆ. ಸಂಬಳಕ್ಕಿಂತ ತನ್ನ ಹೊತ್ತು ತನ್ನ ಕೈಯಲ್ಲಿರಬೇಕೆಂಬ ಆಸೆ ಅವನನ್ನು ಎಳೆಯುತ್ತದೆ. 1950ರ ದಶಕದ ಕ್ಯಾಂಟೀನ್ ಹುಡುಗನಿಗೂ ಇದ್ದದ್ದು ಅದೇ ಆಸೆ.

ಸಂಘಗಳಿಂದ ಆಗಬಹುದಾದುದು

ಸರಕಾರ ಬಿಟ್ಟುಕೊಟ್ಟ ಜಾಗದಲ್ಲಿ ಸಮಾಜ ನಿಲ್ಲಬಹುದು. ರಾತ್ರಿಶಾಲೆಗಳನ್ನು ಸರಕಾರ ಹೇಳಿ ಯಾರೂ ತೆರೆದಿರಲಿಲ್ಲ. ನಮ್ಮ ಸಂಘ ಸಂಸ್ಥೆಗಳಲ್ಲಿ ನೂರಾರು ಹೊಟೇಲು ಮಾಲೀಕರು ಸದಸ್ಯರಿದ್ದಾರೆ, ಪದಾಧಿಕಾರಿಗಳಿದ್ದಾರೆ, ದಾನಿಗಳಿದ್ದಾರೆ. ಅವರು ಮನಸ್ಸು ಮಾಡಿದರೆ ದೊಡ್ಡ ಖರ್ಚಿಲ್ಲದೆ ನಾಲ್ಕು ಕೆಲಸಗಳು ಸಾಧ್ಯ.

ಮೊದಲನೆಯದು, ಕಾಯಿದೆ ಕೇಳದಿದ್ದರೂ ಪ್ರತಿಯೊಬ್ಬ ಹುಡುಗನಿಗೂ ಒಂದು ನೇಮಕಾತಿ ಪತ್ರ. ಹೆಸರು, ಸಂಬಳ, ಕೆಲಸದ ಹೊತ್ತು, ವಾರದ ರಜೆಯ ದಿನ ಇವಿಷ್ಟನ್ನು ಅವನು ಓದಬಲ್ಲ ಭಾಷೆಯಲ್ಲಿ ಒಂದು ಪುಟದಲ್ಲಿ ಬರೆದು ಕೊಟ್ಟರೆ ಸಾಕು. ಮಾದರಿಯನ್ನು ಸಂಘವೇ ಅಚ್ಚು ಹಾಕಿಸಿ ಹಂಚಬಹುದು. ನಾಳೆ ಜಗಳವಾದರೆ ಈ ಪುಟ ಮಾಲೀಕರನ್ನೂ ಕಾಪಾಡುತ್ತದೆ.

ಎರಡನೆಯದು, ಸಂಬಳ ಬ್ಯಾಂಕ್ ಖಾತೆಗೆ. 2014ರಲ್ಲಿ ಬಂದ ಜನಧನ ಖಾತೆಗೆ ಠೇವಣಿ ಇಡಬೇಕಾಗಿಲ್ಲ. ಖಾತೆಯಿದ್ದರೆ ವರ್ಷಕ್ಕೆ 20 ರೂಪಾಯಿಗೆ ಪ್ರಧಾನಮಂತ್ರಿ ಸುರಕ್ಷಾ ಬೀಮಾ ಯೋಜನೆಯಲ್ಲಿ 2 ಲಕ್ಷ ರೂಪಾಯಿಯ ಅಪಘಾತ ವಿಮೆ ಸಿಗುತ್ತದೆ; 18ರಿಂದ 70 ವರ್ಷದೊಳಗಿನವರು ಸೇರಬಹುದು. ಇಪ್ಪತ್ತು ರೂಪಾಯಿ ಎಂದರೆ ಎರಡು ಕಟಿಂಗ್ ಚಹಾದ ಬೆಲೆ. ಹದಿನೈದು ಮಂದಿಯ ವಿಮೆಯನ್ನು ಮಾಲೀಕರೇ ಕಟ್ಟಿದರೂ ವರ್ಷಕ್ಕೆ 300 ರೂಪಾಯಿ.

ಮೂರನೆಯದು, 2021ರ ಆಗಸ್ಟ್‌ನಲ್ಲಿ ಆರಂಭವಾದ ಇ-ಶ್ರಮ್ ನೋಂದಣಿ. ಭವಿಷ್ಯನಿಧಿ, ಇಎಸ್‌ಐ ಇಲ್ಲದ 16ರಿಂದ 59 ವರ್ಷದ ಅಸಂಘಟಿತ ನೌಕರರು ಇದರಲ್ಲಿ ಹೆಸರು ಬರೆಸಬಹುದು. ಆಧಾರ್, ಮೊಬೈಲ್ ಸಂಖ್ಯೆ, ಬ್ಯಾಂಕ್ ಖಾತೆ ಇದ್ದರೆ ಆಯಿತು. ಸಂಘದ ಕಚೇರಿಯಲ್ಲಿ ತಿಂಗಳಿಗೊಂದು ಭಾನುವಾರ ನಮ್ಮ ಯುವ ವಿಭಾಗದವರು ಲ್ಯಾಪ್‌ಟಾಪ್ ಹಿಡಿದು ಕುಳಿತರೆ ಒಂದು ಪರಿಸರದ ಎಲ್ಲ ಹೊಟೇಲು ಹುಡುಗರ ನೋಂದಣಿ ಮುಗಿದೀತು. ರಕ್ತದಾನ ಶಿಬಿರ, ಕಣ್ಣಿನ ತಪಾಸಣೆ ಶಿಬಿರಗಳನ್ನು ಅಚ್ಚುಕಟ್ಟಾಗಿ ನಡೆಸುವ ನಮ್ಮವರಿಗೆ ಇದು ಕಷ್ಟದ ಕೆಲಸವಲ್ಲ.

ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯವಾದುದು. ಇಡೀ ರಾತ್ರಿ ಹೊಟೇಲು ತೆರೆದಿಡುವ ಹಕ್ಕು ಮಾಲೀಕರಿಗೆ ಸಿಕ್ಕಿದೆ. ಅದನ್ನು ಅವರು ಬಳಸಲಿ, ವ್ಯಾಪಾರ ಬೆಳೆಯಲಿ. ಆದರೆ ಹೊಟೇಲು ಮುಚ್ಚದಿದ್ದರೂ ಹುಡುಗನ ದಿನ ಮುಗಿಯಬೇಕು. ಎರಡು ಪಾಳಿ ಮಾಡಿದಲ್ಲಿ ಎರಡು ಪಾಳಿಯ ಜನ ಇರಬೇಕು. ವಾರಕ್ಕೊಂದು ರಜೆ, ದಿನಕ್ಕೆ ಒಂಬತ್ತು ಗಂಟೆ ಎಂಬ 1948ರ ಮಾತನ್ನು ನಮ್ಮ ಹೊಟೇಲುಗಳು ನೌಕರರ ಸಂಖ್ಯೆ ಎಣಿಸದೆ ತಾವಾಗಿಯೇ ಪಾಲಿಸುತ್ತವೆ ಎಂದು ಸಂಘಗಳ ಮಹಾಸಭೆಯಲ್ಲಿ ಒಂದು ನಿರ್ಣಯ ಬರಬಹುದು. ನಿರ್ಣಯಕ್ಕೆ ಕಾನೂನಿನ ಬಲವಿಲ್ಲ, ನಿಜ. ಊರಿನವರ ಮುಂದೆ ಕೊಟ್ಟ ಮಾತಿಗೆ ಬಲವಿದೆ.

ಇಂದು ವೇದಿಕೆಯಲ್ಲಿ ಶಾಲು ಹೊದೆಸಿಕೊಳ್ಳುವ ಹಿರಿಯರಿಗೆ ಅಂದು ಸಂಜೆ ಆರು ಗಂಟೆಯ ಬಳಿಕದ ಹೊತ್ತು ಸಿಗದೇ ಹೋಗಿದ್ದರೆ ಅವರ ಪರಿಚಯ ಭಾಷಣದಲ್ಲಿ ಓದಲು ಏನೂ ಇರುತ್ತಿರಲಿಲ್ಲ. ಇಂದು ಅದೇ ಹೊಟೇಲಿನಲ್ಲಿ ಮೇಜು ಒರೆಸುವ ಹುಡುಗ ಬೇರೆ ಭಾಷೆಯವನಿರಬಹುದು. ಅವನ ಕೈಯಲ್ಲೂ ಒಂದು ಮೊಬೈಲಿದೆ, ಅದರಲ್ಲಿ ಪರೀಕ್ಷೆಯ ಪಾಠವಿರಬಹುದು, ಊರಿನ ಮನೆಯವರ ಮುಖವಿರಬಹುದು. ಅದನ್ನು ನೋಡಲು ಅವನಿಗೆ ಯಾವಾಗ ಬಿಡುವು ಎಂಬುದನ್ನು ಈಗ ಮುಂಬಯಿಯ ಸಣ್ಣ ಹೊಟೇಲುಗಳಲ್ಲಿ ಕಾಯಿದೆ ಹೇಳುವುದಿಲ್ಲ. ಗಲ್ಲಾದಲ್ಲಿ ಕುಳಿತವರೇ ಹೇಳಬೇಕು.